ಪತ್ರ ಬಂದ ಬಂದರುಗಳಿಗೆ ಪಯಣ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿದೆ. ಅದರ ತುಂಬ ಪತ್ರಗಳು. ಡರ್ಬನ್, ಕೇಪ್‌ಟೌನ್, ಸಿಂಗಾಪುರ, ರೋಟರ್‌ಡ್ಯಾಮ್ ಎಂಬ ಅಂಚೆ ಮುದ್ರೆಗಳನ್ನು ಹೊತ್ತ ಆ ಲಕೋಟೆಗಳನ್ನು ಬರೆದವರು ನಮ್ಮಲ್ಲೊಬ್ಬರು. ಓದಿ ಜೋಪಾನ ಮಾಡಿದವರು ಇನ್ನೊಬ್ಬರು. ಮೂವತ್ತು ವರ್ಷಗಳ ಕಾಲ ನಮ್ಮಲ್ಲಿ ಪತಿಯಾದವರು ಸರಕು ಹಡಗುಗಳ ಇಂಜಿನ್ ಕೋಣೆಗಳಲ್ಲಿ ದುಡಿದರು. ಪತ್ನಿಯಾದವರು ಮಂಗಳೂರಿನ ಹೊರವಲಯದ ಮನೆಯಲ್ಲಿ ಇಬ್ಬರು ಮಕ್ಕಳನ್ನೂ ವೃದ್ಧೆಯಾದ ಅತ್ತೆಯನ್ನೂ ನೋಡಿಕೊಂಡು ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟರು. ಕರಾವಳಿಯ ಎಷ್ಟೋ ಕಥೊಲಿಕ ಮನೆಗಳ ಕಥೆ ಇದೇ ಆದುದರಿಂದ ಇದರಲ್ಲಿ ವಿಶೇಷವೇನೂ ಇಲ್ಲ.

ಇಲ್ಲಿಂದ ಹೋಗುತ್ತಿದ್ದ ಪತ್ರಗಳಲ್ಲಿ ವರ್ಷಕ್ಕೊಂದು ಮಾತ್ರ ಸ್ವಲ್ಪ ದಪ್ಪವಾಗಿರುತ್ತಿತ್ತು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಂದು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಏಳೆಂಟು ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಹಡಗಿನ ಏಜೆಂಟರ ವಿಳಾಸಕ್ಕೆ ಕಳುಹಿಸುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಮನೆಯವರೆಲ್ಲ ಕೂಡಿ ಹೊಸತು ಊಟ ಮಾಡುವಾಗ ದೂರದಲ್ಲಿರುವವರನ್ನು ಬಿಟ್ಟು ಉಣ್ಣುವಂತಿಲ್ಲ. ಆ ಕಾಳುಗಳು ಅಕ್ಟೋಬರಿನಲ್ಲಿ, ಕೆಲವೊಮ್ಮೆ ನವೆಂಬರಿನಲ್ಲಿ ಯಾವುದೋ ಬಂದರಿನಲ್ಲಿ ಕೈಸೇರುತ್ತಿದ್ದವು.

ನಿವೃತ್ತಿಯಾದ ಮೇಲೆ ಪತ್ನಿಯದು ಒಂದೇ ಕೋರಿಕೆ: “ಆ ಊರುಗಳನ್ನು ನನಗೊಮ್ಮೆ ತೋರಿಸಬೇಕು.” ಪತಿಗೆ ಇಕ್ಕಟ್ಟು. ಡರ್ಬನ್ ಬಂದರನ್ನು ಹತ್ತಾರು ಬಾರಿ ಮುಟ್ಟಿದ್ದರೂ ಅವರು ಕಂಡಿದ್ದುದು ಧಕ್ಕೆ, ಕ್ರೇನುಗಳ ಸಾಲು ಮತ್ತು ದ್ವಾರದ ಬಳಿಯ ದೂರವಾಣಿ ಪೆಟ್ಟಿಗೆಯನ್ನು ಮಾತ್ರ. ಹಡಗು ನಿಂತಾಗಲೇ ಇಂಜಿನ್ ಕೋಣೆಯವರಿಗೆ ಹೆಚ್ಚು ಕೆಲಸ. ಹೀಗೆ ತೋರಿಸುವವರೂ ನೋಡುವವರೂ ಸಮಾನ ಅಜ್ಞಾನಿಗಳಾಗಿ, 2025ರ ಆಗಸ್ಟ್ ಕೊನೆಯಲ್ಲಿ ನಾವು ದಕ್ಷಿಣ ಆಫ್ರಿಕಕ್ಕೆ ಹೊರಟೆವು. ಮೊಂತಿ ಫೆಸ್ತಿಗೆ ಮನೆಯಲ್ಲಿರುವುದಿಲ್ಲವೆಂದು ಬಂಧುಗಳು ಗೊಣಗಿದರು. ನಮ್ಮ ಹಿರಿಯರ ಕಾಲದಲ್ಲಿ ‘ಕಂಪಾಲಾ’, ‘ಕರಾಂಜಾ’ ಎಂಬ ಹಡಗುಗಳು ಮುಂಬಯಿಯಿಂದ ಪೂರ್ವ ಆಫ್ರಿಕದ ರೇವುಗಳನ್ನು ಮುಟ್ಟುತ್ತ ಡರ್ಬನ್‌ವರೆಗೆ ಹೋಗುತ್ತಿದ್ದವು. ಈಗ ವಿಮಾನವೇ ಗತಿ.

ಡರ್ಬನ್‌ನಲ್ಲಿ ನಮ್ಮನ್ನು ಬೆಳಗಿನ ಐದು ಗಂಟೆಗೆ ಎಬ್ಬಿಸಿದ್ದು ಹಡೀಡಾ ಎಂಬ ಕೆಂಬರಲು ಜಾತಿಯ ದೊಡ್ಡ ಹಕ್ಕಿ. ಅದರ ಕೂಗಿನಿಂದಲೇ ಅದಕ್ಕೆ ಆ ಹೆಸರು. ಮಾಡಿನ ಮೇಲೆ ಕುಳಿತು ಅದು ಕೂಗಿದರೆ ನೆರೆಮನೆಯಲ್ಲಿ ಜಗಳವಾಗುತ್ತಿದೆಯೇನೋ ಎನಿಸುತ್ತದೆ. ಎರಡನೆಯ ದಿನ ತೆರೆದ ಕಿಟಕಿಯಿಂದ ವರ್ವೆಟ್ ಎಂಬ ಕರಿಮೋರೆಯ ಬೂದುಬಣ್ಣದ ಮಂಗವೊಂದು ಒಳಬಂದು, ಮೇಜಿನ ಮೇಲಿದ್ದ ಬಾಳೆಹಣ್ಣನ್ನು ಬಿಟ್ಟು, ಮಂಗಳೂರಿನಿಂದ ಒಯ್ದಿದ್ದ ಹಲಸಿನ ಹಪ್ಪಳದ ಕಟ್ಟನ್ನೇ ಹೊತ್ತುಕೊಂಡು ಹೋಯಿತು. ವಸತಿಗೃಹದ ಒಡತಿ ತಮಿಳು ಮೂಲದವರು. 1860ರ ನವೆಂಬರಿನಲ್ಲಿ ಮದರಾಸಿನಿಂದ ‘ಟ್ರೂರೋ’ ಎಂಬ ಹಡಗಿನಲ್ಲಿ ಕಬ್ಬಿನ ತೋಟದ ಕೂಲಿಗಳು ಮೊದಲು ಇಲ್ಲಿಗೆ ಬಂದರಷ್ಟೆ. ಅಂಥ ಕೂಲಿಗಳ ಸಂತತಿ ತಮ್ಮದೆಂದು ಆಕೆ ಹೇಳಿಕೊಂಡರು. ಹಪ್ಪಳದ ಸಂಗತಿ ಕೇಳಿ ನಕ್ಕು, “ಅದಕ್ಕೂ ಊರಿನ ನೆನಪಾಗಿರಬೇಕು” ಎಂದರು.

ಬಂದರಿನ ಬಾಯಿಯ ಒಂದು ಪಕ್ಕಕ್ಕೆ ‘ಬ್ಲಫ್’ ಎಂಬ ಉದ್ದನೆಯ ಗುಡ್ಡ ಕಡಲಿಗೆ ಚಾಚಿದೆ. ಹಡಗಿನಿಂದ ನೂರು ಸಲ ಕಂಡ ಆ ಗುಡ್ಡದ ಹಿಂದೆ ತಿಮಿಂಗಿಲಗಳನ್ನು ಕಡಿದು ಎಣ್ಣೆ ತೆಗೆಯುವ ಕಾರ್ಖಾನೆಯಿತ್ತೆಂಬುದು ನಮಗೆ ತಿಳಿದದ್ದು ಈಗ. 1975ರಲ್ಲಿ ಅದು ಮುಚ್ಚಿತು.

ಕೇಪ್‌ಟೌನ್‌ನ ಹಳೆಯ ಬಂದರು ಈಗ ಅಂಗಡಿ, ಹೋಟೆಲುಗಳ ಬೀಡು. ಆದರೂ ಅಲ್ಲಿನ ಧಕ್ಕೆಯ ಅಂಚಿನಲ್ಲಿ, ಜನಸಂದಣಿಯಿಂದ ನಾಲ್ಕು ಮಾರು ದೂರದಲ್ಲಿ, ಕಡಲುನಾಯಿಗಳು ಹೊಟ್ಟೆ ಮೇಲಾಗಿ ಬಿದ್ದು ಗೊರಕೆ ಹೊಡೆಯುತ್ತವೆ. ಒಂದೊಂದೂ ಕೋಣದಷ್ಟು ದಪ್ಪ ಎಂದು ಬರೆದರೆ ಉತ್ಪ್ರೇಕ್ಷೆಯಾದೀತು. ಕೋಣದ ಕರುವಿನಷ್ಟು ಎನ್ನೋಣ. ನಗರದ ಬೆನ್ನಿಗೆ ನಿಂತ ಮೇಜಿನಾಕಾರದ ಬೆಟ್ಟವನ್ನು ಎಲ್ಲರೂ ವರ್ಣಿಸಿದ್ದಾರೆ. ನಾವು ಮತ್ತೆ ವರ್ಣಿಸುವುದಿಲ್ಲ.

ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಸೈಮನ್ಸ್‌ಟೌನ್ ನಮ್ಮ ಮುಖ್ಯ ಗುರಿ. ಹೋಗುವ ದಾರಿಯಲ್ಲಿ ಸಿಗುವ ಕೊಲ್ಲಿಗೆ ‘ಫಾಲ್ಸ್ ಬೇ’, ಅಂದರೆ ಸುಳ್ಳು ಕೊಲ್ಲಿ ಎಂದು ಹೆಸರು. ಪೂರ್ವದಿಂದ ಮರಳುತ್ತಿದ್ದ ನಾವಿಕರು ಒಂದು ಭೂಶಿರವನ್ನು ಇನ್ನೊಂದೆಂದು ಭ್ರಮಿಸಿ ಇದರೊಳಗೆ ನುಗ್ಗಿ ಮೋಸಹೋಗುತ್ತಿದ್ದರಂತೆ. ಸೈಮನ್ಸ್‌ಟೌನ್ ಇಂದಿಗೂ ನೌಕಾಪಡೆಯ ಊರು. ಅದರ ಚೌಕದಲ್ಲಿ ಸೇನಾಪತಿಯ ಪ್ರತಿಮೆಯಿರಬೇಕಾದಲ್ಲಿ ಒಂದು ನಾಯಿಯ ಪ್ರತಿಮೆಯಿದೆ. ‘ಜಸ್ಟ್ ನ್ಯೂಸೆನ್ಸ್’ ಎಂಬ ಆ ಭಾರಿ ನಾಯಿ ನಾವಿಕರ ಹಿಂದೆ ಟಿಕೇಟಿಲ್ಲದೆ ರೈಲು ಹತ್ತುತ್ತಿತ್ತು. ರೈಲ್ವೆಯವರ ದೂರು ತಾಳಲಾರದೆ 1939ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ವಿಧಿವತ್ತಾಗಿ ನಾವಿಕನೆಂದು ದಾಖಲಿಸಿಕೊಂಡು ಉಚಿತ ಪ್ರಯಾಣದ ಅರ್ಹತೆ ನೀಡಿತು. 1944ರಲ್ಲಿ ಸತ್ತಾಗ ಸೇನಾ ಮರ್ಯಾದೆಯೊಂದಿಗೆ ಹೂಳಲಾಯಿತು.

ಊರಿನ ತುದಿಯಲ್ಲಿ ಬೋಲ್ಡರ್ಸ್ ಎಂಬ ಕಡಲತೀರವಿದೆ. ಆನೆಗಳು ಮಲಗಿದಂತೆ ಗ್ರಾನೈಟ್ ಬಂಡೆಗಳು. ಅವುಗಳ ನಡುವೆ ಬಿಳಿ ಮರಳು. ಮರಳಿನ ಮೇಲೆ ಪೆಂಗ್ವಿನ್‌ಗಳು. ಪೆಂಗ್ವಿನ್ ಎಂದೊಡನೆ ನಮಗೆ ಹಿಮ ನೆನಪಾಗುತ್ತದೆ. ಇಲ್ಲಿಯವು ನಮ್ಮಂತೆ ಬಿಸಿಲಿನವು, ಎರಡಡಿಗಿಂತ ತುಸು ಎತ್ತರ, ಮೂರು ಕಿಲೋ ಆಸುಪಾಸಿನ ತೂಕ. 1982ರಲ್ಲಿ ಎರಡು ಜೋಡಿಗಳು ಇಲ್ಲಿ ಬಂದು ನೆಲೆಸಿದವು. ಆ ಕಾಲಕ್ಕೆ ಕೊಲ್ಲಿಯಲ್ಲಿ ದೊಡ್ಡ ಬಲೆಯ ಮೀನುಗಾರಿಕೆ ಕಡಿಮೆಯಾದುದರಿಂದ ಮೀನು ಸಮೃದ್ಧವಾಗಿ, ಸಂತತಿ ಸಾವಿರಗಳಿಗೇರಿತು. ಈಗ ಅವು ಬೀದಿಗೂ ಬರುತ್ತವೆ. ಕಾರು ಹೊರಡಿಸುವ ಮುನ್ನ ಅಡಿಯಲ್ಲಿ ಪೆಂಗ್ವಿನ್ ಇದೆಯೇ ನೋಡಿರೆಂಬ ಫಲಕಗಳನ್ನು ಹಾಕಿದ್ದಾರೆ. ಇವುಗಳ ಕೂಗು ಥೇಟು ಕತ್ತೆಯದು. 1497ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನಮ್ಮ ಕರಾವಳಿಯತ್ತ ಬರುವ ದಾರಿಯಲ್ಲಿ ಇಲ್ಲಿಗೆ ಪೂರ್ವದ ಒಂದು ಕೊಲ್ಲಿಯಲ್ಲಿ ತಂಗಿದ್ದವು. ಬಾತಿನಷ್ಟು ದೊಡ್ಡವೂ ಹಾರಲಾರದವೂ ಕತ್ತೆಯಂತೆ ಅರಚುವವೂ ಆದ ಹಕ್ಕಿಗಳನ್ನು ಅಲ್ಲಿ ಕಂಡುದಾಗಿ, ಮನಬಂದಷ್ಟು ಕೊಂದುದಾಗಿ ಆ ಯಾನದ ದಿನಚರಿಯಲ್ಲಿ ದಾಖಲಾಗಿದೆ.

ನಾವು ಅಲ್ಲಿಗೆ ಹೋದದ್ದು ಸೆಪ್ಟೆಂಬರ್ 8ರಂದು. ಮರದ ಹಲಗೆಯ ಕಾಲುದಾರಿಯಲ್ಲಿ ನಿಂತರೆ ಕೈಗೆಟಕುವಷ್ಟು ಹತ್ತಿರದಲ್ಲಿ ಗೂಡುಗಳು. ಒಂದು ಗೂಡಿನಲ್ಲಿ ಹಕ್ಕಿಯೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ನಾವು ಸುಮಾರು ಒಂದು ಗಂಟೆ ಅದನ್ನೇ ನೋಡುತ್ತಿದ್ದಿರಬೇಕು. ಕಡಲಿನಿಂದ ಇನ್ನೊಂದು ಹಕ್ಕಿ ಒದ್ದೆಯಾಗಿ, ಓಲಾಡುತ್ತ ನಡೆದುಬಂತು. ಇವೆರಡೂ ಕತ್ತೆಗಳಂತೆ ಅರಚಿಕೊಂಡವು, ತಲೆ ತಗ್ಗಿಸಿ ಎತ್ತಿದವು. ಬಳಿಕ ಕುಳಿತದ್ದು ಎದ್ದಿತು, ಬಂದದ್ದು ಕುಳಿತಿತು; ಎದ್ದದ್ದು ಮೈಕೊಡವಿ ಸಮುದ್ರದತ್ತ ಹೊರಟಿತು. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 40 ದಿನಗಳ ಕಾವು. ಗಂಡು ಹೆಣ್ಣುಗಳೆರಡೂ ಸರದಿಯಂತೆ ಕೂರುತ್ತವೆ.

“ಇವು ಸರದಿ ಬದಲಿಸುತ್ತವೆ, ನೋಡಿದಿರಾ?” ಎಂದರು ಪತ್ನಿ.

ಅವರು ಹಾಸ್ಯಕ್ಕೆಂದೇ ಹೇಳಿದ್ದು. ಆದರೆ ಪತಿಗೆ ಮಾತು ಹೊರಡಲಿಲ್ಲ. 1995ರ ಕೊನೆಯಲ್ಲಿ, ಹನ್ನೊಂದು ತಿಂಗಳ ಬಳಿಕ ಮನೆಗೆ ಬಂದಾಗ ಅಂಗಳದಲ್ಲಿ ಆಡುತ್ತಿದ್ದ ಮೂರು ವರ್ಷದ ಮಗ ಒಳಗೋಡಿ, “ಅಮ್ಮಾ, ಯಾರೋ ಬಂದಿದ್ದಾರೆ” ಎಂದು ಕೂಗಿದ್ದು ನೆನಪಾಯಿತು. ಈ ಪೆಂಗ್ವಿನ್‌ಗಳ ಎದೆಯ ಮೇಲೆ ಕಪ್ಪು ಚುಕ್ಕೆಗಳಿವೆ, ಒಂದರಂತೆ ಇನ್ನೊಂದರದಿಲ್ಲ. ಆ ಚುಕ್ಕೆಗಳನ್ನು ನೋಡಿಯೇ ಜೊತೆಗಾರನನ್ನು ಗುರುತಿಸಬಲ್ಲವೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ.

ಆ ಸಂಜೆ ವಸತಿಗೃಹದ ಅಡುಗೆಮನೆಯಲ್ಲಿ ನಾವು ಕುಂಬಳ, ಬೀನ್ಸ್, ಕೋಸು ಬೇಯಿಸಿದೆವು. ಹಬ್ಬದ ತರಕಾರಿಗಳು ಬೆಸಸಂಖ್ಯೆಯಲ್ಲಿರಬೇಕೆಂಬ ನಿಯಮ ಮೂರರಲ್ಲಿ ಪೂರೈಸಿತು. ಧಾನ್ಯವನ್ನು ಬೇರೆ ದೇಶಕ್ಕೆ ಒಯ್ಯಲು ನಿರ್ಬಂಧವಿರುವುದರಿಂದ ಕಾಳು ಮಾತ್ರ ನಮ್ಮ ಬಳಿ ಇರಲಿಲ್ಲ. ಬಂದರಿನ ಏಜೆಂಟನ ಕೈಗೆ ಅಂಥ ಕಾಳುಗಳ ಲಕೋಟೆ ಎಷ್ಟು ಸಲೀಸಾಗಿ ತಲುಪುತ್ತಿತ್ತೆಂದು ನೆನೆದರೆ ಈಗ ಆಶ್ಚರ್ಯವಾಗುತ್ತದೆ.

ಮರುದಿನ ಕೇಪ್‌ಟೌನ್‌ನ ಟೇಬಲ್ ವ್ಯೂ ಎಂಬಲ್ಲಿರುವ ಕಡಲಹಕ್ಕಿಗಳ ಆಸ್ಪತ್ರೆಗೆ ಹೋದೆವು. ‘ಸ್ಯಾಂಕಾಬ್’ ಎಂಬ ಈ ಸಂಸ್ಥೆಯನ್ನು 1968ರಲ್ಲಿ ಆಲ್ಥಿಯಾ ವೆಸ್ಟ್‌ಫಾಲ್ ಎಂಬ ಮಹಿಳೆ ಆರಂಭಿಸಿದರು. ತೈಲ ಮೆತ್ತಿಕೊಂಡ ಪೆಂಗ್ವಿನ್‌ಗಳನ್ನು ಉಳಿಸುವುದೇ ಮೂಲ ಉದ್ದೇಶ. ಅಲ್ಲಿನ ಸ್ವಯಂಸೇವಕಿ, ನಮ್ಮ ಮಗಳ ವಯಸ್ಸಿನವಳು, ತಾಳ್ಮೆಯಿಂದ ವಿವರಿಸಿದಳು. ಹಕ್ಕಿಯ ಗರಿಗಳು ಒಂದಕ್ಕೊಂದು ಹೆಣೆದುಕೊಂಡು ನೀರು ಒಳಹೋಗದಂತೆ ತಡೆಯುತ್ತವೆ. ತೈಲ ತಗಲಿದರೆ ಆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ತಣ್ಣೀರು ಚರ್ಮಕ್ಕೆ ತಾಗುತ್ತದೆ. ಚಳಿ ತಾಳಲಾರದೆ ಹಕ್ಕಿ ದಡಕ್ಕೆ ಬಂದು ನಿಲ್ಲುತ್ತದೆ. ದಡದಲ್ಲಿ ಆಹಾರವಿಲ್ಲ. ಕೊಕ್ಕಿನಿಂದ ಗರಿ ಉಜ್ಜಿಕೊಳ್ಳುತ್ತ ತೈಲವನ್ನು ನುಂಗುತ್ತದೆ.

ಇಬ್ಬರು ಹಿಡಿದು ತೊಳೆಯಬೇಕು. ಮೊದಲು ಅಡುಗೆ ಎಣ್ಣೆ ಸವರಿ ಜಿಡ್ಡನ್ನು ಸಡಿಲಗೊಳಿಸಿ, ಬಳಿಕ ಬೆಚ್ಚನೆಯ ಸಾಬೂನು ನೀರು, ಹಲ್ಲುಜ್ಜುವ ಬ್ರಷ್ಷು. ಹಕ್ಕಿ ಉಪಕಾರ ಸ್ಮರಿಸುವುದಿಲ್ಲ, ಕಚ್ಚುತ್ತದೆ. ಆಕೆಯ ಮುಂಗೈ ತುಂಬ ಗಾಯದ ಕಲೆಗಳು. 1994ರ ಜೂನಿನಲ್ಲಿ ‘ಅಪೊಲೊ ಸೀ’ ಎಂಬ ಅದಿರು ಹಡಗು ಮುಳುಗಿದಾಗ ಸುಮಾರು 10,000 ಪೆಂಗ್ವಿನ್‌ಗಳಿಗೆ ತೈಲ ತಗಲಿ ಅರ್ಧದಷ್ಟು ಸತ್ತವು. 2000ದ ಜೂನ್ 23ರಂದು ‘ಟ್ರೆಷರ್’ ಎಂಬ ಇನ್ನೊಂದು ಅದಿರು ಹಡಗು ಇಲ್ಲಿಯೇ ಎರಡು ಪೆಂಗ್ವಿನ್ ದ್ವೀಪಗಳ ನಡುವೆ ಮುಳುಗಿತು. ಈ ಬಾರಿ ಸುಮಾರು 19,000 ಹಕ್ಕಿಗಳಿಗೆ ತೈಲ ತಗಲಿತು. ರೈಲ್ವೆಯ ಒಂದು ದೊಡ್ಡ ಶೆಡ್ಡಿನಲ್ಲಿ ಹತ್ತಾರು ಸಾವಿರ ಸ್ವಯಂಸೇವಕರು ಸೇರಿ ಅವನ್ನು ತೊಳೆದು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಕಡಲಿಗೆ ಮರಳಿಸಿದರು. ಇನ್ನೂ ತೈಲ ತಗಲದಿದ್ದ ಸುಮಾರು 19,500 ಹಕ್ಕಿಗಳನ್ನು ಲಾರಿಗಳಲ್ಲಿ ತುಂಬಿ ದೂರದ ಪೋರ್ಟ್ ಎಲಿಜಬೆತ್ತಿಗೆ ಒಯ್ದು ನೀರಿಗೆ ಬಿಟ್ಟರು. ಅವು ಈಜಿ ಮನೆ ಸೇರುವಷ್ಟರಲ್ಲಿ ಕಡಲನ್ನು ಶುಚಿಗೊಳಿಸುವುದು ಉಪಾಯ. ಪೀಟರ್, ಪಮೇಲಾ, ಪರ್ಸಿ ಎಂಬ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹದ ಯಂತ್ರ ಕಟ್ಟಿದ್ದರು. ಅವು ದಿನದಿನವೂ ಎಲ್ಲಿವೆಯೆಂದು ದೇಶವೇ ಕಾದು ನೋಡಿತಂತೆ.

ಪತ್ನಿ ಸಂತೋಷದಿಂದ ಕೇಳುತ್ತಿದ್ದರು. ತಿರುಗಿ ನೋಡಿದರೆ ಪತಿ ಅಲ್ಲಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಮೂವತ್ತು ವರ್ಷ ಯಾರಿಗೂ ಹೇಳದ ಸಂಗತಿಯನ್ನು ಅವರು ಹೇಳಿದ್ದು ಆ ಬೆಂಚಿನ ಮೇಲೆ. ಅದನ್ನು ಇಲ್ಲಿ ಬರೆಯಲು ನಾವಿಬ್ಬರೂ ಒಪ್ಪಿದ್ದೇವೆ.

ಹಡಗಿನ ಇಂಜಿನ್ ಕೋಣೆಯ ತಳದಲ್ಲಿ ಸೋರಿದ ನೀರೂ ತೈಲವೂ ಸೇರಿ ಕರಿ ರಾಡಿ ಶೇಖರವಾಗುತ್ತದೆ. ಅದನ್ನು ಬೇರ್ಪಡಿಸುವ ಯಂತ್ರದ ಮೂಲಕ ಹಾಯಿಸಿ, ತೈಲವನ್ನು ಉಳಿಸಿಕೊಂಡು ನೀರನ್ನು ಮಾತ್ರ ಹೊರಬಿಡಬೇಕು. ಆ ನೀರಿನ ಹತ್ತು ಲಕ್ಷ ಪಾಲಿನಲ್ಲಿ ತೈಲ 15 ಪಾಲು ಮೀರಬಾರದೆಂದು ಇಂದಿನ ಅಂತಾರಾಷ್ಟ್ರೀಯ ನಿಯಮ. 1995ರಲ್ಲೂ ನಿಯಮಗಳಿದ್ದವು. ಆ ವರ್ಷ ಅಕ್ಟೋಬರಿನಲ್ಲಿ, ಕೇಪ್ ದಾಟಿ ಡರ್ಬನ್ ಕಡೆಗೆ ಹೋಗುತ್ತಿದ್ದ ವಿದೇಶಿ ಹಡಗಿನಲ್ಲಿ ಪತಿ ಮೂರನೆಯ ಇಂಜಿನಿಯರರು. ಮಧ್ಯರಾತ್ರಿ ಹನ್ನೆರಡರಿಂದ ನಾಲ್ಕರ ಕಾವಲು. ಯಂತ್ರ ಕೆಟ್ಟು ವಾರವಾಗಿತ್ತು. ಬಂದರಿನಲ್ಲಿ ರಾಡಿಯನ್ನು ಒಪ್ಪಿಸಿದರೆ ಖರ್ಚು. ಮೇಲಿನವರು ಬಂದು, ಬೆಳಗಾಗುವುದರೊಳಗೆ ತಳ ಒಣಗಿರಬೇಕೆಂದು ಹೇಳಿಹೋದರು. ಒಂದು ರಬ್ಬರ್ ಕೊಳವೆಯನ್ನು ಎಲ್ಲಿಂದ ಎಲ್ಲಿಗೆ ಜೋಡಿಸಬೇಕೆಂದು ಹೇಳಬೇಕಾಗಿರಲಿಲ್ಲ. ಬೋಲ್ಟು ಬಿಗಿದದ್ದು, ಕವಾಟ ತೆರೆದದ್ದು ಪತಿಯ ಕೈಗಳು. ನಾಲ್ಕು ಗಂಟೆಗೆ ಕೊಳವೆ ಬಿಚ್ಚಿಟ್ಟು, ಪುಸ್ತಕದಲ್ಲಿ ಎಲ್ಲವೂ ಯಂತ್ರದ ಮೂಲಕವೇ ಹೋಯಿತೆಂದು ಬರೆದು, ಸ್ನಾನ ಮಾಡಿ ಮಲಗಿದರು. ಡರ್ಬನ್‌ನಲ್ಲಿ ಏಜೆಂಟ್ ತಂದ ಅಂಚೆಯಲ್ಲಿ ಮೊಂತಿ ಫೆಸ್ತಿನ ಕಾಳುಗಳಿದ್ದವು.

“ತಿಂದೆ” ಎಂದರು ಪತಿ. “ಕೈತೊಳೆದು ತಿಂದೆ.”

ಆ ರಾತ್ರಿಯ ತೈಲದಿಂದ ಒಂದು ಹಕ್ಕಿಯಾದರೂ ಸತ್ತಿತೋ ಇಲ್ಲವೋ ತಿಳಿಯುವ ಉಪಾಯವಿಲ್ಲ. ಮುಳುಗುವ ಹಡಗುಗಳ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ರಾತ್ರಿ ಕವಾಟ ತೆರೆದ ಹಡಗುಗಳದು ಉಳಿಯುವುದಿಲ್ಲ. ಯಾವ ಹಡಗಿನದೆಂದು ಗೊತ್ತಿಲ್ಲದ ತೈಲ ಮೆತ್ತಿಕೊಂಡು ದಡಕ್ಕೆ ಬರುವ ಹಕ್ಕಿಗಳೂ ಇವೆಯೆಂದು ಆ ಹುಡುಗಿ ಒಳಗೆ ಹೇಳಿದ್ದಳು. ಪತಿ ಎದ್ದುಹೋದದ್ದು ಆ ಮಾತಿಗೆ.

ಪತ್ನಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಆಮೇಲೆ ನನಗೆ ಬರೆದ ಪತ್ರದಲ್ಲಿ ಏನು ಬರೆದಿದ್ದಿರಿ, ನೆನಪಿದೆಯೇ?” ಪತಿಗೆ ನೆನಪಿರಲಿಲ್ಲ. ಪತ್ನಿಗೆ ಬಾಯಿಪಾಠವಿತ್ತು. ಹೊಸ ಕಾಳು ಸಿಕ್ಕಿತು, ಕೆಲಸ ಸಸೂತ್ರ, ಸಮುದ್ರ ಶಾಂತ. ಆಗ ಅವರೂ ಒಂದು ಸಂಗತಿ ಹೇಳಿದರು. ಆ ಕಾಳುಗಳೊಡನೆ ಮಕ್ಕಳು ಆರೋಗ್ಯವಾಗಿದ್ದಾರೆಂದು ಬರೆದ ದಿನ ಮಗ ಟೈಫಾಯ್ಡ್ ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದ. ಹನ್ನೊಂದು ದಿನ, ಹನ್ನೊಂದು ರಾತ್ರಿ. ದೂರದಲ್ಲಿರುವವರಿಗೆ ತಿಳಿಸಿ ಫಲವೇನೆಂದು ತಿಳಿಸಲಿಲ್ಲ. ಬಂದ ಮೇಲೆ ತಿಳಿಸಬೇಕೆಂದಿದ್ದು, ಹಾಗೆಯೇ ಉಳಿದುಹೋಯಿತು. ಡಬ್ಬಿಯಲ್ಲಿ ಭದ್ರವಾಗಿರುವ ಪತ್ರಗಳಲ್ಲಿ ಇನ್ನೂ ಎಷ್ಟರಲ್ಲಿ ಹೀಗಿದೆಯೋ.

ಉಳಿದ ದಿನಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹರ್ಮಾನಸ್ ಎಂಬ ಊರಿನಲ್ಲಿ ಬಂಡೆಯ ಮೇಲೆ ಕುಳಿತೇ ತಿಮಿಂಗಿಲಗಳನ್ನು ಕಂಡೆವು. ಜೂನ್‌ನಿಂದ ನವೆಂಬರ್‌ವರೆಗೆ ಅವು ದಕ್ಷಿಣದ ತಣ್ಣೀರಿನಿಂದ ಮರಿ ಹಾಕಲು ಇಲ್ಲಿಗೆ ಬರುತ್ತವೆ. ಕೊಂದರೆ ಮುಳುಗದೆ ತೇಲುವ, ಆದುದರಿಂದ ಬೇಟೆಗೆ ‘ಸರಿಯಾದ’ ತಿಮಿಂಗಿಲವೆಂಬ ಅರ್ಥದಲ್ಲಿ ಇವಕ್ಕೆ ‘ರೈಟ್ ವೇಲ್’ ಎಂಬ ಹೆಸರು ಬಂತೆನ್ನುತ್ತಾರೆ. ಬೇಟೆ ನಿಂತ ಮೇಲೆ ಸಂತತಿ ನಿಧಾನವಾಗಿ ಹೆಚ್ಚಿತು. ತಾಯಿಯೊಂದು ಮರಿಯನ್ನು ಪಕ್ಕಕ್ಕಿಟ್ಟುಕೊಂಡು ದಡದಿಂದ ನೂರು ಗಜದಲ್ಲಿ ಗಂಟೆಗಟ್ಟಲೆ ಸುಮ್ಮನೆ ಮಲಗಿತ್ತು. ನಾವೂ ಸುಮ್ಮನೆ ಕುಳಿತಿದ್ದೆವು.

ಪೆಂಗ್ವಿನ್‌ಗಳಿಗೆ ಅಂಥ ಭಾಗ್ಯ ಬಂದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ್ದವು ಈಗ ಹತ್ತು ಸಾವಿರ ಜೋಡಿಗಳಿಗಿಂತ ಕಡಿಮೆ. ಮೊದಲು ಮೊಟ್ಟೆಗಳನ್ನು ದೋಚಿದರು. ಅವು ಬಿಲ ತೋಡುತ್ತಿದ್ದ ಹಿಕ್ಕೆಯ ದಪ್ಪ ಪದರವನ್ನು ಗೊಬ್ಬರಕ್ಕೆಂದು ಕೆರೆದು ಒಯ್ದರು. ಈಗ ಆಹಾರವೇ ಸಾಲದು. ಅವು ತಿನ್ನುವುದು ನಮ್ಮ ಬೂತಾಯಿಯ ಬಳಗದ ಮೀನನ್ನೇ. 2024ರ ಅಕ್ಟೋಬರಿನಲ್ಲಿ ಅವನ್ನು ಅಳಿವಿನ ಅತ್ಯಂತ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 2025ರ ಮಾರ್ಚಿನಲ್ಲಿ ಅಲ್ಲಿನ ನ್ಯಾಯಾಲಯ, ಆರು ಮುಖ್ಯ ನೆಲೆಗಳ ಸುತ್ತ ಹತ್ತು ವರ್ಷ ಬೂತಾಯಿ ಜಾತಿಯ ಮೀನುಗಳ ವಾಣಿಜ್ಯ ಬೇಟೆಯನ್ನು ನಿರ್ಬಂಧಿಸುವ ಒಪ್ಪಂದಕ್ಕೆ ಮುದ್ರೆಯೊತ್ತಿದೆ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ತಣ್ಣೀರುಬಾವಿಯ ಕಡಲತಡಿಗೆ ಹೋದೆವು. ದೂರದಲ್ಲಿ ಬಂದರಿಗೆ ಕಾಯುತ್ತಿರುವ ಹಡಗುಗಳ ದೀಪಗಳು. ಇದೇ ಕಡಲಿನಲ್ಲಿ 2022ರ ಜೂನಿನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಮುಳುಗಿದ್ದನ್ನೂ, ಅದರ 15 ಮಂದಿ ಸಿಬ್ಬಂದಿ ಬದುಕಿದ್ದನ್ನೂ ಓದುಗರು ಬಲ್ಲರು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿ ‘ಎಂ.ಎಸ್.ಸಿ. ಎಲ್ಸಾ 3’ ಮುಳುಗಿ, ಪ್ಲಾಸ್ಟಿಕ್ ಕಾಳುಗಳು ಕೇರಳದ ಮರಳಿನಲ್ಲಿ ಹರಡಿದವು. ಇಂಥವು ಪತ್ರಿಕೆಗೆ ಬರುತ್ತವೆ. ಆ ದೀಪಗಳನ್ನು ನೋಡುತ್ತ ಪತಿ ಕೈಗಡಿಯಾರ ನೋಡಿಕೊಂಡು, “ಎಂಟರಿಂದ ಹನ್ನೆರಡರ ಕಾವಲು ಈಗ ಶುರು” ಎಂದರು.

ಪತ್ನಿಯ ಅಣ್ಣನ ಮಗ ಈ ವರ್ಷವಷ್ಟೇ ಕಿರಿಯ ಇಂಜಿನಿಯರನಾಗಿ ಹಡಗು ಹತ್ತಿದ್ದಾನೆ. ಅವನ ಪಾಲಿನ ಹಬ್ಬದ ಕಾಳುಗಳನ್ನು ಅತ್ತಿಗೆ ನಮಗಾಗಿ ಕಾದಿರಿಸಿದ್ದರು. ಹೊರನಾಡಿಗೆ ಕಳುಹಿಸುವಂತಿಲ್ಲ, ಅವನು ಕಾಂಡ್ಲಾ ಬಂದರಿಗೆ ಬರುವನೆಂದು ತಿಳಿದು ಅಲ್ಲಿಗೇ ಕಳುಹಿಸಿದ್ದೇವೆ. ಲಕೋಟೆಯಲ್ಲಿ ಕಾಳುಗಳೊಡನೆ ಪತಿ ಬರೆದ ಎರಡು ಪುಟಗಳಿವೆ. ಬೆಂಚಿನ ಮೇಲೆ ಹೇಳಿದ್ದೆಲ್ಲವನ್ನೂ ಅವರು ಅದರಲ್ಲಿ ಬರೆದಿದ್ದಾರೆ. ಕೆಳಗೆ ಪತ್ನಿ ತಮ್ಮದೊಂದು ಸಾಲು ಸೇರಿಸಿದ್ದಾರೆ: ಇಲ್ಲಿ ನಿನ್ನ ತಂದೆಗೆ ಸಕ್ಕರೆ ಕಾಯಿಲೆ ಹೆಚ್ಚಾಗಿದೆ, ನಿನಗೆ ಹೇಳಬೇಡವೆಂದಿದ್ದಾರೆ, ನಾನು ಹೇಳುತ್ತಿದ್ದೇನೆ.